ಹುಲಿಗೆವ್ವನ ಹುಟ್ಟುಗುಣ

ತುಂಗಭದ್ರೆಯ ದಡದಲ್ಲಿ ನಿಂಬೆಕ್ಕನ ಆಶ್ರಮ. ಅಲ್ಲಿ ಕಲಿಸುತ್ತಿದ್ದುದು ವೇದವಲ್ಲ, ಯೋಗವಲ್ಲ. ವಿಡಿಯೋ ಗೇಮ್ ಕಟ್ಟುವ ವಿದ್ಯೆ. ಶಿಷ್ಯರು ಆಕೆಯನ್ನು ಅಕ್ಕೋರು ಎನ್ನುತ್ತಿದ್ದರು.

ನಿಯಮ ಒಂದೇ. ಕಟ್ಟಿದ ಆಟವನ್ನು ಮೂರು ಸಲ ತೋರಿಸಬಹುದು. ಮೂರನೆಯ ಸಲವೂ ಅಕ್ಕೋರು ಒಪ್ಪದಿದ್ದರೆ ಆಟ ಮೂಲೆಗೆ, ಶಿಷ್ಯ ಗಂಟುಮೂಟೆ ಕಟ್ಟಿಕೊಂಡು ಮನೆಗೆ.

ಕೊಟ್ರೇಶ ಎರಡು ವರ್ಷದಿಂದ ಒಂದೇ ಆಟಕ್ಕೆ ಜೋತುಬಿದ್ದಿದ್ದ. ಅದರ ನಾಯಕಿ ಹುಲಿಗೆವ್ವ, ಹರಿಗೋಲು ನಡೆಸುವವಳು. ನೀರು ತಳ್ಳುವ ಹುಟ್ಟಿನಿಂದಲೇ ಹೊಳೆಗಳ್ಳರನ್ನು ಬಡಿಯುತ್ತಿದ್ದಳು.

ಮೊದಲ ಸಲ ನೋಡಿ ಅಕ್ಕೋರು ಹೇಳಿದ್ದು ಇಷ್ಟೇ: "ಕೈ ಚಲೋ ಆಡ್ತೈತಿ. ಆದ್ರ ಆಕಿ ಯಾರು?"

ಎರಡನೆಯ ಸಲ ಕೊಟ್ರೇಶ ಉಬ್ಬಿಕೊಂಡೇ ಬಂದ.

"ಅಕ್ಕೋರ, ಆಕಿಗೆ ನಲವತ್ತು ಹುಟ್ಟುಗುಣ ಕೊಟ್ಟೀನ್ರಿ."

"ಹುಟ್ಟುಗುಣ ಅಂದ್ರ?"

"ಆಡೋರು ಗುಂಡಿ ಒತ್ತೋದೇ ಬ್ಯಾಡ್ರಿ. ತಾವಾಗೇ ಯಾವಾಗ್ಲೂ ಕೆಲಸ ಮಾಡ್ತಾವ. ಏಟಿಗೆ ನೂರಕ್ಕೆ ಐದು ಬಲ ಹೆಚ್ಚು, ನಡಿಗೆಗೆ ನೂರಕ್ಕೆ ಮೂರು ವೇಗ ಹೆಚ್ಚು..."

"ಆ ಹುಟ್ಟನ್ನ ಕಳ್ಳನ ಕೈಗೆ ಕೊಡು. ನಲವತ್ತೂ ಅವಗ ಹಾಕು."

ಕೊಟ್ರೇಶ ಹಾಗೇ ಮಾಡಿದ. ಕಳ್ಳ ಥೇಟ್ ಹುಲಿಗೆವ್ವನ ಹಾಗೆಯೇ ಬಡಿದ.

"ಇವೆಲ್ಲ ಕೈಯಾಗಿನ ಹುಟ್ಟಿನ ಗುಣ," ಎಂದರು ಅಕ್ಕೋರು. "ಆಕಿ ಹುಟ್ಟುಗುಣ ಎಲ್ಲೈತಿ?"

ಕೊಟ್ರೇಶ ನಲವತ್ತನ್ನೂ ಅವತ್ತೇ ಅಳಿಸಿದ.

ಮರುದಿನದಿಂದ ಹೊಳೆಗೆ ಹೋದ. ಗಾಳೆವ್ವ ಎಂಬ ಅಂಬಿಗಿತ್ತಿಯ ಹರಿಗೋಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಆ ದಡ ಈ ದಡ ತಿರುಗಿದ. ತಿಂಗಳುಗಟ್ಟಲೆ ಹೊಳೆಯಲ್ಲಿ ಕೂತರೂ ತಲೆಗೆ ಏನೂ ಹೊಳೆಯಲಿಲ್ಲ. ಮತ್ತೂ ಹೋದ.

ಒಂದು ದಿನ ನಡುನೀರಿನಲ್ಲಿ ಹರಿಗೋಲು ಬಂಡೆಗೆ ತಾಗಿತು. ಗಾಳೆವ್ವನ ಕೈಯಿಂದ ಹುಟ್ಟು ಜಾರಿ ಹರಿದೇ ಹೋಯಿತು. ತಳದಿಂದ ನೀರು ನುಗ್ಗಿತು. ಒಳಗಿದ್ದ ಐದು ಮಂದಿ ಬಾಯಿ ಬಡಿದುಕೊಂಡರು. ಗಾಳೆವ್ವ ಹೊಳೆಗಿಳಿದಳು, ಹರಿಗೋಲಿನ ಅಂಚು ಹಿಡಿದು, ಈಜುತ್ತ, ಎಳೆಯುತ್ತ, ಎಲ್ಲರನ್ನೂ ದಡ ಮುಟ್ಟಿಸಿದಳು.

"ಅವ್ವಾ, ನೀವೊಬ್ರೇ ಈಜಿ ಪಾರಾಗಬಹುದಿತ್ತಲ್ರಿ?" ಎಂದ ಕೊಟ್ರೇಶ.

"ಮಂದಿ ಕುಂತಿದ್ರಲ್ಲೋ ತಮ್ಮಾ," ಎಂದಳು ಗಾಳೆವ್ವ, ಸೆರಗು ಹಿಂಡುತ್ತ. ಇದರಲ್ಲಿ ಕೇಳುವುದೇನಿದೆ ಎನ್ನುವಂತಿತ್ತು ಅವಳ ಮುಖ.

ಮೂರನೆಯ ಸಲ ಕೊಟ್ರೇಶ ಒಂದೇ ಒಂದು ಗುಣ ತಂದ. ತನ್ನನ್ನು ನಂಬಿದವರು ಬೆನ್ನ ಹಿಂದೆ ಇದ್ದರೆ ಎಂಥ ಏಟಿಗೂ ಹುಲಿಗೆವ್ವನ ಕಾಲು ಕದಲುವುದಿಲ್ಲ. ಆಗ ಅವಳು ಓಡುವುದೂ ಇಲ್ಲ. ತಪ್ಪಿಸಿಕೊಳ್ಳುವ ಗುಂಡಿಯನ್ನು ಎಷ್ಟು ಒತ್ತಿದರೂ ಕೇಳುವುದಿಲ್ಲ.

ಅಕ್ಕೋರು ಆಡಲು ಕೂತರು. ಏಳು ಸಲ ಸೋತರು. ಎಂಟನೆಯ ಸಲ, ಕಳ್ಳರು ಬರುವ ಮೊದಲೇ ಹರಿಗೋಲಿನ ಮಂದಿಯನ್ನು ಎರಡು ಬಂಡೆಗಳ ಸಂದಿಗೆ ಕರೆದೊಯ್ದು, ಅದರ ಬಾಯಲ್ಲಿ ಹುಲಿಗೆವ್ವನನ್ನು ನಿಲ್ಲಿಸಿದರು. ಗೆದ್ದರು. ಹಣೆಯ ಬೆವರು ಒರೆಸಿಕೊಂಡರು.

"ಆಡೋರಿಗೆ ಭಾಳ ತ್ರಾಸ ಆಗ್ತೈತಿ. ಈ ಗುಣ ತೆಗಿ."

"ತೆಗಿಯಂಗಿಲ್ರಿ."

"ತೆಗೀದಿದ್ರ ನಾ ಒಪ್ಪಂಗಿಲ್ಲ. ಇದು ಮೂರನೇ ಸಲ, ನೆನಪೈತಿಲ್ಲ?"

"ಐತ್ರಿ." ಕೊಟ್ರೇಶನಿಗೆ ಹೆದರಿಕೆಯಾಯಿತು. "ಮನೀಗೆ ಹೋಗ್ತೀನ್ರಿ. ಆದ್ರ ತೆಗಿಯಂಗಿಲ್ಲ. ಅದನ್ನ ತೆಗದ್ರ ಆಕಿ ಹುಲಿಗೆವ್ವ ಅಲ್ರಿ, ಬ್ಯಾರೆ ಯಾರೋ."

ಎದ್ದು ಚೀಲ ಹೆಗಲಿಗೇರಿಸಿಕೊಂಡ.

"ಕುಂದ್ರು," ಎಂದರು ಅಕ್ಕೋರು. "ನೀ ಕದಲ್ತೀಯೇನಂತ ನೋಡಿದೆ. ಈಗ ಹುಟ್ಯಾಳ ಆಕಿ. ಮಂದಿ ನಡುವ ಕಳಸು."