ಗಳಿಗೆ ಬಟ್ಟಲು

ನಾಡಿಗೆಲ್ಲ ಪ್ರಶ್ನೆ ಕೇಳುತ್ತಿದ್ದವನು ಒಂದು ದಿನ ತನ್ನದೇ ಪ್ರಶ್ನೆ ಹೊತ್ತುಕೊಂಡು ಗುರುವಿನ ಬಾಗಿಲಿಗೆ ಬಂದ.

ಅವನ ಹೆಸರು ಇಂದುಧರ. ಟೀವಿಯಲ್ಲಿ ‘ಯೋಚನೆ ಮಾಡಿ ಹೇಳಿ’ ಎಂಬ ಆಟ ನಡೆಸುವವನು. ಸಂಜೆ ಅವನ ದನಿ ಕೇಳಿದರೆ ಎಷ್ಟೋ ಮನೆಗಳಲ್ಲಿ ಒಗ್ಗರಣೆ ಸೀದು ಹೋಗುತ್ತಿತ್ತು. ಸೋತವರೂ ಅವನ ಕೈ ಕುಲುಕಿ ನಗುತ್ತಲೇ ವೇದಿಕೆ ಇಳಿಯುತ್ತಿದ್ದರು. ಜನಕ್ಕೆ ಅವನೆಂದರೆ ಅಷ್ಟು ಪ್ರೀತಿ.

ಗುರುವಿನ ಹೆಸರು ಮಡಿವಾಳಜ್ಜ. ಹೊಳೆಯ ದಂಡೆಯ ಮೇಲೆ ಅವರ ಆಶ್ರಮ. ಇಂದುಧರ ಅಕ್ಷರ ಕಲಿತದ್ದೂ ಮಾತು ಕಲಿತದ್ದೂ ಅಲ್ಲಿಯೇ.

ಅಜ್ಜ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಇಂದುಧರ ಕಾಲಿಗೆರಗಿ, ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದ.

“ಅಜ್ಜಾರ, ಆಟ ಬಿಡಬೇಕು ಅನ್ನಿಸೈತ್ರಿ.”

“ಬಿಡು.”

“ಹೋದ ವರ್ಷನೂ ಬಿಡ್ತೀನಿ ಅಂದಿದ್ದೆ.”

“ಗೊತ್ತೈತಿ. ನಮ್ಮ ಅಡಗಿ ಮನಿ ಮಂದಿ ಟೀವಿ ಮುಂದ ಕುಂತು ಅತ್ತಿದ್ರು. ಮುಂದಿನ ವಾರ ನೀ ಮತ್ತ ಬಂದಿ. ಅತ್ತಿದ್ದೆಲ್ಲಾ ದಂಡ ಆತು ಅಂತ ಬೈದ್ರು.”

ಇಂದುಧರನಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

“ಈ ಸಲ ಖರೇನ ಬಿಡಬೇಕಂತ ಮಾಡೇನ್ರಿ. ಆದ್ರ ಕಡೀ ಆಟ ನೆನಸಿಕೊಂಡ್ರ ಎದಿ ಹಿಡದಂಗ ಆಗತೈತಿ. ಇನ್ನೊಂದು ಚಂದನ್ನ ಆಟ ಆಗಲಿ, ಆಮ್ಯಾಲ ಹೋಗೋಣು ಅನಸತೈತಿ. ಅದು ಆದ್ರ ಮತ್ತೊಂದು. ಮುಗೀತು ಅಂತ ಮನಷ್ಯಾ ಹೆಂಗ ತಿಳ್ಕೋಬೇಕ್ರಿ?”

ಅಜ್ಜ ಒಂದು ಕಾಳು ಬಾಯಿಗೆ ಹಾಕಿಕೊಂಡರು.

“ಹೇಳ್ತೀನಿ. ಅದಕ್ಕೂ ಮೊದಲ ಇವತ್ತ ಸಂಜಿಗೆ ನೀ ಬಟ್ಟಲ ನೋಡ್ಕೋ.”

ಆ ಆಶ್ರಮದಲ್ಲಿ ಒಂದು ಪದ್ಧತಿ. ಸಂಜೆ ಅಜ್ಜ ಮಾತಿಗೆ ಕೂತಾಗ ಪಕ್ಕದ ಕೊಪ್ಪರಿಗೆಯ ನೀರಿನಲ್ಲಿ ಒಂದು ತಾಮ್ರದ ಬಟ್ಟಲು ತೇಲಿಬಿಡುತ್ತಿದ್ದರು. ಅದರ ತಳದಲ್ಲಿ ಸಣ್ಣ ತೂತು. ನೀರು ಮೆಲ್ಲಗೆ ಒಳಗೇರಿ, ತುಂಬಿದ ಕೂಡಲೇ ಬಟ್ಟಲು ಮುಳುಗುತ್ತಿತ್ತು. ಮುಳುಗಿದರೆ ಗಂಟೆ ಹೊಡೆಯಬೇಕು. ಗಂಟೆ ಹೊಡೆದರೆ ಅಜ್ಜ ಆಡುತ್ತಿದ್ದ ಮಾತನ್ನು ಇದ್ದಲ್ಲಿಗೇ ನಿಲ್ಲಿಸಬೇಕು, ವಾಕ್ಯ ಅರ್ಧವಿದ್ದರೂ ಸರಿ. ಮರುದಿನ ಅಲ್ಲಿಂದಲೇ ಶುರು.

ಹೊಸಬರಿಗೆ ಇದು ವಿಚಿತ್ರ ಕಾಣುತ್ತಿತ್ತು. ಹಳಬರು ಯಾಕೆಂದು ಕೇಳುವುದನ್ನೇ ಬಿಟ್ಟಿದ್ದರು.

ಸಂಜೆಯಾಯಿತು. ಆಚೆ ದಂಡೆಯ ಊರಿನಿಂದಲೂ ಜನ ಬಂದು ಕೂತರು. ಇಂದುಧರ ಕೊಪ್ಪರಿಗೆಯ ಪಕ್ಕ ಕೂತ. ಅಜ್ಜ ಒಬ್ಬ ಕುಂಬಾರನ ಕಥೆ ಎತ್ತಿದರು. ಕಥೆ ಏರಿತು, ಜನ ಒಬ್ಬರ ಹೆಗಲ ಮೇಲೊಬ್ಬರು ಮುಂದಕ್ಕೆ ಬಾಗಿದರು.

“ನಡುರಾತ್ರಿ ಅರಮನಿ ಮುಂದ ಗಡಿಗಿ ಒಡದ ಅಂತ ಕುಂಬಾರನ್ನ ಹಿಡದು ತಂದಾರ. ರಾಜಾ ಕೆಂಡ ಆಗ್ಯಾನ. ‘ನನ್ನ ನಿದ್ದಿ ಯಾಕ ಕೆಡಸಿದಿ?’ ಅಂತ ಕೇಳತಾನ. ಕುಂಬಾರ ಕೈ ಮುಗದ, ನಾಕೂ ಕಡೆ ನೋಡಿದ, ನೋಡಿ ಅಂತಾನ...”

ಅಷ್ಟರಲ್ಲಿ ಬಟ್ಟಲಿನ ಅಂಚು ನೀರಿಗೆ ಸಮನಾಯಿತು.

ಇಂದುಧರ ಜನರ ಮುಖ ನೋಡಿದ. ಟೀವಿಯಲ್ಲಿ ಜಾಹೀರಾತಿನ ವಿರಾಮಕ್ಕಾದರೆ ಅವನು ಸರಿಯಾಗಿ ಇಂಥ ಕಡೆಯೇ ಕತ್ತರಿಸುತ್ತಿದ್ದ. ತಿರುಗಿ ಬರುವುದು ಖಾತ್ರಿ ಇದ್ದಾಗ ನಿಲ್ಲಿಸುವುದು ಸುಲಭ. ಆದರೆ ಇದು ದಿನದ ಕೊನೆ. ಇಂಥ ಕೊನೆಯನ್ನು ಕೆಡಿಸಲು ಅವನ ಕಸುಬು ಒಪ್ಪಲಿಲ್ಲ.

ಯಾರಿಗೂ ಕಾಣದ ಹಾಗೆ ಬೆರಳು ನೀರಿಗಿಳಿಸಿ ಬಟ್ಟಲನ್ನು ಕೆಳಗಿನಿಂದ ಎತ್ತಿ ಹಿಡಿದ.

“‘ಮಹಾರಾಜ್ರ, ಒಡದದ್ದು ನನ್ನ ಗಡಿಗಿ. ಎಚ್ಚರಾದದ್ದು ನಿಮ್ಮ ಕಾವಲುಗಾರ!’”

ಜನ ಹೋ ಎಂದು ನಕ್ಕರು. ಅಜ್ಜ ಕಥೆಯನ್ನು ಇನ್ನೂ ಬಹಳ ಹೊತ್ತು ಬೆಳೆಸಿದರು. ನಗು ಪೂರ್ತಿ ಇಳಿದ ಮೇಲೆ ಇಂದುಧರ ಬೆರಳು ತೆಗೆದ. ಬಟ್ಟಲು ಬುಳುಕ್ಕನೆ ಮುಳುಗಿತು. ಗಂಟೆ ಹೊಡೆದ. ತನ್ನ ಲೆಕ್ಕ ಎಷ್ಟು ಕರಾರುವಾಕ್ಕು ಎಂದು ಒಳಗೊಳಗೇ ಹಿಗ್ಗಿದ.

ಜನ ಎದ್ದು ಹೋದರು. ಅಜ್ಜ ಕೂತೇ ಇದ್ದರು.

“ಇಂದುಧರಾ, ನಿನ್ನ ಬೆರಳ ಯಾಕ ತೊಯ್ದೈತಿ?”

ಇಂದುಧರ ಕೈ ಹಿಂದಕ್ಕೆ ಎಳೆದುಕೊಂಡ.

“ಕತಿ ಅರ್ಧಕ್ಕ ನಿಲ್ಲತಿತ್ರಿ. ಮಂದಿ ನಿರಾಸೆ ಆಗತಿದ್ರು.”

“ನೀ ಎತ್ತಿ ಹಿಡದದ್ದು ಮಂದಿ ಸಲುವಾಗಿ ಏನು?”

“ಹೌದ್ರಿ.”

“ಹೊಳೀ ಕಡೆ ನೋಡು.”

ಇಂದುಧರ ನೋಡಿದ. ಆಚೆ ದಂಡೆಗೆ ಹೋಗುವ ದೋಣಿ ಆಗಷ್ಟೇ ಹೊರಟಿತ್ತು. ಬೆಳಕು ಆರಿಹೋಗಿತ್ತು. ಒಬ್ಬ ಹೆಣ್ಣುಮಗಳು ಕೂಸನ್ನು ಅವುಚಿಕೊಂಡು, ಕಾಲಿಡುವ ಹಲಗೆ ಕಾಣದೆ ತಡವರಿಸಿ ದೋಣಿ ಹತ್ತಿದ್ದಳು. ಅಂಬಿಗ ಕತ್ತಲಿಗೆ ಬೈಯುತ್ತ ಹುಟ್ಟು ಹಾಕುತ್ತಿದ್ದ.

“ದಿನಾ ಗಂಟಿ ಕೇಳಿ ಬೆಳಕಿದ್ದಾಗ ದಾಟತಿದ್ರು. ಇವತ್ತ ನಿನ್ನ ಚಂದನ್ನ ಮುಕ್ತಾಯದ ಸಲುವಾಗಿ ಕತ್ತಲಾಗ ದಾಟಾಕತ್ತಾರ.”

ಇಂದುಧರ ತಲೆ ತಗ್ಗಿಸಿದ. ಹಾಗೆಯೇ ಕೇಳಿದ.

“ಅರ್ಧಕ್ಕ ನಿಂತ ಮಾತು ಯಾರ್ ಮುಗಸ್ತಾರ್ರಿ ಅಜ್ಜಾರ?”

“ನಾಳೆ ಇದ್ದವ್ರು.”

ಅಜ್ಜ ಶೇಂಗಾದ ಸಿಪ್ಪೆ ಒಟ್ಟುಮಾಡಿ ಹೊಳೆಯ ಕಡೆ ಚೆಲ್ಲಿದರು.

“ನಿನ್ನ ಜಾಗಕ್ಕ ಯಾರರ ಕಾಯಾಕತ್ತಾರೇನು?”

“ಮೇದಿನಿ ಅಂತ ಒಬ್ಬಾಕಿ. ಹೋದ ವರ್ಷ ನಾ ಬಿಡ್ತೀನಿ ಅಂದಾಗ ಆಕಿನ್ನ ಆರಿಸಿದ್ರು.”

“ಒಂದು ವರ್ಷ ಏನ್ ಮಾಡ್ಯಾಳ ಆಕಿ?”

“ಪರದೆ ಹಿಂದ ನಿಂತು ನನ್ನ ಆಟ ನೋಡ್ಯಾಳ.”

“ಅಲ್ಲಿ ಬೆಳಕು ಇರತೈತೇನು?”



“ಇಲ್ರಿ. ದೀಪ ಎಲ್ಲಾ ನನ್ನ ಮ್ಯಾಲ ಇರತಾವು.”

 ಹೊರಡುವಾಗ ಇಂದುಧರ ಮತ್ತೆ ಕಾಲಿಗೆರಗಿದ.

“ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ರಿ.”

“ಆಟ ಆಡಿಸಿ ತಿರಗಿ ಬಾ. ಹೇಳ್ತೀನಿ.”

ಇಂದುಧರನ ಕೊನೆಯ ಕಂತಿನ ದಿನ ಸ್ಟುಡಿಯೋ ತುಂಬಿ ತುಳುಕುತ್ತಿತ್ತು. ಮೇಲೆ ಬಲೆಯಲ್ಲಿ ಬುಟ್ಟಿಗಟ್ಟಲೆ ಗುಲಾಬಿ ಎಸಳು ತುಂಬಿಟ್ಟಿದ್ದರು. ಹಗ್ಗ ಜಗ್ಗಿದರೆ ಹೂಮಳೆ.

ಇಂದುಧರನ ಎದುರಿನ ಕುರ್ಚಿಯಲ್ಲಿ ತಿಪಟೂರಿನ ಭ್ರಮರಾಂಬ ಕೂತಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ. ತಡವರಿಸುತ್ತ ಶುರು ಮಾಡಿದ ಹೆಂಗಸು ಒಂದೊಂದೇ ಪ್ರಶ್ನೆ ದಾಟಿ ಕೊನೆಯ ಪ್ರಶ್ನೆಗೆ ಬಂದು ನಿಂತಿದ್ದರು.

ಆ ಆಟದಲ್ಲಿಯೂ ಒಂದು ನಿಯಮವಿತ್ತು. ಹೊತ್ತು ಮುಗಿದು ಹೂಟರ್ ಕೂಗಿದರೆ ಆಟ ಅಲ್ಲಿಗೇ ನಿಲ್ಲಬೇಕು. ಆಟಗಾರರು ಮುಂದಿನ ಕಂತಿನಲ್ಲಿ ಅಲ್ಲಿಂದಲೇ ಮುಂದುವರಿಯಬೇಕು. ಇಷ್ಟು ವರ್ಷ ಹೂಟರ್ ಕೂಗಿದಾಗಲೆಲ್ಲ ಇಂದುಧರ ನಗುತ್ತ, “ಏನೂ ಗಾಬರಿ ಬೇಡ, ನಾಳೆ ಇಲ್ಲೇ ಸಿಗೋಣ” ಎನ್ನುತ್ತಿದ್ದ. ಅವನಿಗೆ ಅದು ಬಾಯಿಪಾಠದ ಮಾತು. ಅಂದು ಮಾತ್ರ ಮುಂದಿನ ಕಂತಿನ ಚಿತ್ರೀಕರಣವೂ ಬೆನ್ನಿಗೇ ಇತ್ತು.

ಸಣ್ಣ ವಿರಾಮದಲ್ಲಿ ನಿರ್ದೇಶಕ ಓಡಿ ಬಂದು ಅವನ ಕಿವಿಯ ಹತ್ತಿರ ಬಾಗಿದ.

“ಸರ್, ಹೊತ್ತು ಆಗ್ತಾ ಬಂತು. ನೀವು ತಲೆ ಕೆಡಿಸ್ಕೋಬೇಡಿ. ಹೂಟರ್ ನನ್ನ ಕೈಯಲ್ಲೇ ಇದೆ, ತಡೆದು ಹಿಡೀತೀನಿ. ಆಯಮ್ಮ ಗೆಲ್ಲಲಿ, ನೀವು ಕೈ ಎತ್ತಿ, ಹೂ ಬೀಳಲಿ. ಜನ ಈ ಕೊನೇನ ಜನ್ಮದಲ್ಲಿ ಮರೀಬಾರದು.”

ಇಂದುಧರನಿಗೆ ಬೇಕಾದದ್ದೂ ಅದೇ ಆಗಿತ್ತು. ಅವನಿಗೆ ಅದು ಎಷ್ಟು ಬೇಕಿತ್ತೆಂದರೆ, ಹೂ ಮೈಮೇಲೆ ಬಿದ್ದಂತೆಯೇ ಅನಿಸಿಬಿಟ್ಟಿತು.

ಅವನು ಮೇಜಿನ ಕೆಳಗೆ ತನ್ನ ಬೆರಳು ನೋಡಿಕೊಂಡ.

“ಹೂಟರ್ ಹೊತ್ತಿಗೆ ಸರಿಯಾಗಿ ಹೊಡೀರಿ.”

“ಸರ್, ಪ್ರಶ್ನೆ ಅರ್ಧ ಇದ್ರೆ?”

“ಅರ್ಧಕ್ಕೇ ಹೊಡೀರಿ.”

ಆಟ ಮತ್ತೆ ಶುರುವಾಯಿತು. ಇಂದುಧರ ಕೊನೆಯ ಪ್ರಶ್ನೆಯ ಚೀಟಿ ಎತ್ತಿಕೊಂಡ. ಸಭೆ ಉಸಿರು ಹಿಡಿದು ಕೂತಿತ್ತು.

“ಭ್ರಮರಾಂಬ ಅವರೇ, ಯೋಚನೆ ಮಾಡಿ ಹೇಳಿ. ಶರಾವತಿ ನದಿ ಹುಟ್ಟುವ ಜಾಗಕ್ಕೆ ಹೆಸರು ಬಂದದ್ದು...”

ಹೂಟರ್ ಕೂಗಿತು.

ಇಂದುಧರ ಬಾಯಿ ಮುಚ್ಚಿದ. ಚೀಟಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟ.

ಭ್ರಮರಾಂಬ ಕುರ್ಚಿಯಿಂದ ಅರ್ಧ ಎದ್ದರು.

“ಅಯ್ಯೋ, ಪೂರ್ತಿ ಕೇಳ್ಬಿಡಿ ಸರ್! ನಿಮ್ಮ ಬಾಯಿಂದ ಕೇಳ್ಬೇಕು ಅಂತಲೇ ಬಂದೋಳು ನಾನು.”

“ನಂಗೂ ಕೇಳಬೇಕು ಅಂತ ಬಹಳ ಆಸೆ ಇದೆಯಮ್ಮ,” ಎಂದ ಇಂದುಧರ.   “ಆದ್ರೆ ನನ್ನ ಹೊತ್ತು ಮುಗೀತು. ನಿಮ್ಮದು ಮುಗಿದಿಲ್ಲ.”

ಪರದೆಯ ಹಿಂದಿನಿಂದ ಅವನೇ ಮೇದಿನಿಯನ್ನು ಕೈಹಿಡಿದು ಕರೆತಂದ. ದೀಪದ ಬೆಳಕಿಗೆ ಅವಳು ಕಣ್ಣು ಕಿರಿದು ಮಾಡಿದಳು. ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಚೀಟಿ ಅವಳ ಮುಂದಿಟ್ಟ.

“ಸರ್, ಎಲ್ಲಿಂದ ಶುರು ಮಾಡ್ಲಿ?” ಅವಳು ಚೀಟಿ ಎತ್ತಿಕೊಂಡಳು.

“ನಾನು ಬಿಟ್ಟಲ್ಲಿಂದ.”

“ನಿಮ್ಮ ಹಾಗೆ ಬರಲ್ಲ ಸರ್ ನಂಗೆ.”

“ಬರೋದು ಬೇಡ. ಭ್ರಮರಾಂಬ ಅವರು ಗಾಬರಿ ಆಗಿದಾರೆ. ಮೊದಲು ಒಂದು ಲೋಟ ನೀರು ತರಿಸಿಕೊಡು.”

ಸಭೆಗೆ ಕೈ ಮುಗಿದು ಅವನು ಇಳಿದ. ಹಗ್ಗ ಜಗ್ಗಬೇಕಾದವನಿಗೆ ಯಾವಾಗ ಜಗ್ಗಬೇಕೋ ತಿಳಿಯಲೇ ಇಲ್ಲ. ಗುಲಾಬಿ ಎಸಳು ಬಲೆಯಲ್ಲೇ ಉಳಿಯಿತು.

ಹೊರಗೆ ಬಾಗಿಲ ಬಳಿ ಕಾವಲಿನವನು ಎದ್ದು ನಿಂತ.

“ಆಟ ಮುಗೀತಾ ಸರ್?”

“ಇಲ್ಲಪ್ಪ. ನಡೀತಾ ಇದೆ.”

ಒಳಗಿನಿಂದ ಮೇದಿನಿಯ ದನಿ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ನೆಟ್ಟಗೆ. ಜನ ಚಪ್ಪಾಳೆ ಹೊಡೆದರು. ಇಂದುಧರನ ಎದೆಯಲ್ಲಿ ಚುಳ್ಳೆಂದಿತು. ಆ ಚಪ್ಪಾಳೆ ನಿಲ್ಲುವವರೆಗೆ ಅವನು ಅಲ್ಲೇ ನಿಂತಿದ್ದು, ಆಮೇಲೆ ಚಪ್ಪಲಿ ಮೆಟ್ಟಿ ನಡೆದ.

ಆಶ್ರಮಕ್ಕೆ ಬಂದಾಗ ಅಜ್ಜ ಆಟದ ಸುದ್ದಿ ಕೇಳಲಿಲ್ಲ. ಕೊಪ್ಪರಿಗೆಯ ಕಡೆ ಕೈ ತೋರಿಸಿದರು. ಇಂದುಧರ ಹೋಗಿ ಬಟ್ಟಲು ತೇಲಿಬಿಟ್ಟು ಕೂತ.

ಜನ ಸೇರಿದರು. ಅಡಿಗೆ ಮನೆಯವರೂ ಸೌಟು ಬಿಟ್ಟು ಬಂದಿದ್ದರು. ಆ ದಿನ ಕತ್ತಲಲ್ಲಿ ದೋಣಿ ಹತ್ತಿದ್ದ ಕೂಸಿನ ತಾಯಿ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಅಜ್ಜ ಅಂದು ಬೇರೆ ಬೇರೆ ಮಾತಾಡಿದರು. ಹೊಳೆಯ ಮಾತು, ಹೊಲದ ಮಾತು, ಕೋಪದ ಮಾತು. ಇಂದುಧರ ಒಂದು ಕಿವಿ ಅಜ್ಜನಿಗೆ ಕೊಟ್ಟು ಎರಡೂ ಕಣ್ಣು ಬಟ್ಟಲಿಗೆ ಕೊಟ್ಟಿದ್ದ. ಬಟ್ಟಲು ಮುಕ್ಕಾಲು ತುಂಬಿತ್ತು.

ಆಗ ಅಜ್ಜ ಅವನ ಕಡೆ ತಿರುಗಿದರು.

“ಈ ನಮ್ಮ ಇಂದುಧರ ನನಗೊಂದು ಪ್ರಶ್ನೆ ಕೇಳಿದ್ದ. ಆಟ ಮುಗೀತು ಅಂತ ಮನಷ್ಯಾ ಹೆಂಗ ತಿಳ್ಕೋಬೇಕು ಅಂತ. ಉತ್ತರ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ.”

ಜನವೆಲ್ಲ ಇಂದುಧರನತ್ತ ನೋಡಿದರು.  ಈ ಒಂದು ಮಾತಿಗಾಗಿ ಅವನು ಒಂದು ವರ್ಷ ನಿದ್ದೆಗೆಟ್ಟಿದ್ದ.

ಬಟ್ಟಲಿನ ಅಂಚು ನೀರಿಗೆ ಸಮನಾಯಿತು.

“ಕೇಳಪಾ ಇಂದುಧರಾ. ನಮ್ಮ ಗುರುಗಳು ನನಗ ಹೇಳಿದ್ದು ಇದು. ಮನಷ್ಯಾಗ ತನ್ನ ಆಟ ಮುಗೀತು ಅಂತ ಖರೇ ತಿಳಿಯೂದು ಯಾವಾಗ ಅಂದ್ರ, ಅಂವಾ...”

ಇಂದುಧರನ ಬೆರಳು ನೀರಿನ ತನಕ ಹೋಯಿತು. ಅಲ್ಲಿ ನಿಂತಿತು. ಹೊಳೆಯ ಮೇಲೆ ಇನ್ನೂ ಬೆಳಕಿತ್ತು.

ಬಟ್ಟಲು ಬುಳುಕ್ಕೆಂದಿತು. ಅವನು ಗಂಟೆ ಹೊಡೆದ.

ಅಜ್ಜ ಮಾತು ನಿಲ್ಲಿಸಿದರು.

ಕೂಸಿನ ತಾಯಿಗೆ ತಡೆಯಲಾಗಲಿಲ್ಲ. “ಏನ್ರೀ ಟೀವಿ ಸಾಹೇಬ್ರ! ಒಂದ ಮಾತು ತಡದಿದ್ರ ಏನ್ ಆಗತಿತ್ರಿ? ನಿಮ್ಮ ಪ್ರಶ್ನೆಗೇ ಅಲ್ಲೇನ್ರಿ ಅಜ್ಜಾರು ಉತ್ತರ ಹೇಳಾಕತ್ತಿದ್ದು!”

ಅಜ್ಜ ಕೋಲೂರಿ ಎದ್ದು ನಿಂತರು.

“ಉತ್ತರ ಈಗ ಅಂವಾನ ಗಂಟಿ ಹೊಡದು ಹೇಳಿದ್ನಲ್ಲವ್ವಾ. ಏಳು, ದೋಣಿ ಹೊಂಟೈತಿ.”