ಫಕೀರಪ್ಪ ಫೋನಿನಲ್ಲಿ ಸನಾದಿ ಊದಿದ್ದು

ಹೂಂಗುಟ್ಟಲು ಬೇಸರವಿಲ್ಲದವರು ಹತ್ತಿರ ಬಂದು ಕೂತುಕೊಳ್ಳಿ.

ಅಮೀನಗಡದಲ್ಲಿ ಸಂಕವ್ವ ಅಂತ ಒಬ್ಬ ತಾಯಿ. ಅವಳಿಗೆ ಫಕೀರಪ್ಪ ಅಂತ ಒಬ್ಬನೇ ಮಗ. ಅವನು ಸನಾದಿ ಊದಲು ಕೂತರೆ ಗೋಡೆಯ ಮೇಲಿನ ಹಲ್ಲಿ ಹುಳ ಮರೆತು ಕೇಳಬೇಕು, ಅಂಥ ಉಸಿರು. ಸನಾದಿ ಕೆಳಗಿಟ್ಟನೋ, ಬುದ್ಧಿಯನ್ನೂ ಅದರ ಪಕ್ಕದಲ್ಲೇ ಇಟ್ಟುಬಿಡುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಇವತ್ತಿಗೆ ಹೇಳಿದ್ದನ್ನು ನಾಳೆ ಮಾಡುತ್ತಿದ್ದ, ಅಷ್ಟೇ ತೊಂದರೆ.

ಸಂಕವ್ವನಿಗೆ ಇದ್ದದ್ದು ಒಂದೇ ಆಸೆ. ಅವಳ ಗಂಡ ಜೀವಮಾನವಿಡೀ ಮದುವೆಮನೆಗಳಲ್ಲಿ ಊದಿದ. ಅವನು ಊದುವಾಗ ಜನ ಪಂಕ್ತಿ ಹಿಡಿಯಲು ಓಡುತ್ತಿದ್ದರು. ಹೋದ ವರ್ಷ ಅವನೂ ಹೋದ.

"ನಿಮ್ಮಪ್ಪನ್ನ ಯಾರೂ ಕುಂತು ಕೇಳಲಿಲ್ಲಲೇ. ನಿನ್ನನ್ನಾದ್ರೂ ಒಂದ್ಸಲ ಮಂದಿ ಕುಂತು ಕೇಳಬೇಕು. ನಾ ಕಣ್ಣಾರೆ ನೋಡಬೇಕು. ಫೋನಿನ್ಯಾಗ ಚಾನೆಲ್ ತೆಗಿ, ಊದಿ ಹಾಕು. ಧಾರವಾಡದ ಸಂಗೀತ ಸಭಾದವ್ರು ನೋಡಿ ಕರದರೂ ಕರದಾರು!"

"ಹೂನವ್ವಾ!"

ಫಕೀರಪ್ಪ ಫೋನನ್ನು ತಂಬಿಗೆಗೆ ಒರಗಿಸಿಟ್ಟ. ಎಷ್ಟು ಹತ್ತಿರ ಕೂತನೆಂದರೆ ಸನಾದಿಯ ಬಾಯಿ ಬಿಟ್ಟರೆ ಮತ್ತೇನೂ ಕಾಣದು. ಮುಂಜಾನೆ ಶುರು ಮಾಡಿದವ ಮಧ್ಯಾಹ್ನ ನಿಲ್ಲಿಸಿದ. ಅಷ್ಟನ್ನೂ ಹಾಕಿದ. ಮೂರು ಸಲ ನೋಡಿದ್ದಾರೆ ಅಂತ ಬಂತು. ಅದರಲ್ಲಿ ಎರಡು ಸಲ ಸಂಕವ್ವನೇ.

"ಅಯ್ಯ ಶಿವನ! ಹಂಗಲ್ಲಲೇ! ಅಷ್ಟೊತ್ತು ಕೇಳಾಕ ಯಾರಿಗೆ ಪುರುಸೊತ್ತೈತಿ? ಅರ್ಧ ನಿಮಿಷ ಊದು, ಗಪ್ಪನ ನಿಲ್ಲಿಸು. ಇನ್ನೂ ಬೇಕು ಅನಸಬೇಕು ಮಂದಿಗೆ!"

"ಹೂನವ್ವಾ, ಇನ್ನ ಮುಂದ ಹಂಗ ಮಾಡ್ತೀನಿ."

ಮರುದಿನ ಊರಲ್ಲೇ ಒಂದು ಮದುವೆ. ತಾಳಿ ಕಟ್ಟುವ ಹೊತ್ತು. ಎಲ್ಲರ ಕೈಯಲ್ಲಿ ಅಕ್ಕಿಕಾಳು. ಆಗ ಸೀನು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದು ಅಂತಲೇ ಅಲ್ಲವೇ ವಾದ್ಯ ಜೋರಾಗಿ ನುಡಿಸುವುದು? ಫಕೀರಪ್ಪ ಅರ್ಧ ನಿಮಿಷ ಊದಿದ. ಗಪ್ಪನೆ ನಿಲ್ಲಿಸಿದ. ತಾಳಿ ಇನ್ನೂ ಮದುಮಗನ ಕೈಯಲ್ಲಿತ್ತು. ಆ ನಿಶ್ಶಬ್ದದಲ್ಲಿ ಹುಡುಗಿಯ ದೊಡ್ಡತ್ತೆಯ ದನಿ ಚಪ್ಪರಕ್ಕೆಲ್ಲ ಕೇಳಿಸಿತು: "ಹುಡುಗ ಫೋಟೋದಾಗ ಇಷ್ಟು ಕುಳ್ಳ ಇರಲಿಲ್ಲಲ್ಲ!"

"ಅಯ್ಯ ಶಿವನ! ಹಂಗಲ್ಲಲೇ!" ಸಂಕವ್ವ ಹಣೆ ಹಣೆ ಬಡಿದುಕೊಂಡಳು. "ಯಾರರ ಬಾಯಿ ತೆಗೆದ್ರ ಸಾಕು, ಅವರ ಮಾತು ಕೇಳದಂಗ ಜೋರಾಗಿ ಊದಿಬಿಡಬೇಕು!"

"ಹೂನವ್ವಾ, ಇನ್ನ ಮುಂದ ಹಂಗ ಮಾಡ್ತೀನಿ."

ವಾರದೊಳಗೆ ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಕಲಾವಿದರನ್ನು ಮಾತಾಡಿಸಿ ಫೋನಿನಲ್ಲಿ ಹಾಕುವುದು ಅವಳ ಕೆಲಸ. ಸಾವಿರಾರು ಜನ ನೋಡುತ್ತಾರಂತೆ. ಸಂಕವ್ವ ಚಹಾ ಇಡಲು ಒಳಗೆ ಹೋದಳು.

"ನಮಸ್ಕಾರ ಫಕೀರಪ್ಪನವರೇ, ನಿಮ್ಮ ಗುರುಗಳು..."

ಪೇಂ!

"ಅಲ್ಲ, ನಿಮ್ಮ ಬಾಲ್ಯ..."

ಪೇಂ ಪೇಂ!

"ಒಂದ್ನಿಮಿಷ ರೀ..."

ಪೇಂಪೇಂಪೇಂ! ಹುಡುಗಿ ಕಿವಿ ಮುಚ್ಚಿಕೊಂಡು, ಚಹಾ ಕುಡಿಯದೆ ಬಸ್ ಹತ್ತಿದಳು.

"ಅಯ್ಯ ಶಿವನ! ಹಂಗಲ್ಲಲೇ! ಯಾರರ ಏನರ ಕೇಳಿದ್ರ ನಯಾ ನಾಜೂಕಿಲೆ, 'ಹೌದ್ರೀ, ಎಲ್ಲಾ ನಿಮ್ಮ ಆಶೀರ್ವಾದ' ಅನ್ನಬೇಕು."

"ಹೂನವ್ವಾ, ಇನ್ನ ಮುಂದ ಹಂಗ ಮಾಡ್ತೀನಿ."

ಅಂದು ಸಂಜೆ ಚಾನೆಲ್ ತೆಗೆದು ನೋಡಿದರೆ ವಿಡಿಯೊ ಕೆಳಗೆ ಯಾರೋ ಬರೆದಿದ್ದರು: "ಬಾಗಿಲಾಗ ಬೆಕ್ಕು ಸಿಕ್ಕೊಂಡೈತೇನು?"

ಫಕೀರಪ್ಪ ಒಂದೊಂದೇ ಅಕ್ಷರ ಒತ್ತಿದ: "ಹೌದ್ರೀ, ಎಲ್ಲಾ ನಿಮ್ಮ ಆಶೀರ್ವಾದ."

ಇನ್ನೊಬ್ಬರು ಅವನ ಅಪ್ಪನ ಸುದ್ದಿ ಅರ್ಧ ಕೇಳಿದವರು: "ಅಮೀನಗಡದ ಸನಾದಿಯವರು ತೀರಿಕೊಂಡ್ರಂತಲ್ಲ, ಇವರೇ ಏನು?"

"ಹೌದ್ರೀ, ಎಲ್ಲಾ ನಿಮ್ಮ ಆಶೀರ್ವಾದ."

ಅಷ್ಟೇ ನೋಡಿ! ಬೆಳಗಾಗುವುದರೊಳಗೆ ನಲವತ್ತು ಸಾವಿರ ಜನ. ಓಂ ಶಾಂತಿ, ಮತ್ತೆ ಹುಟ್ಟಿ ಬನ್ನಿ, ಬದುಕಿದ್ದಾಗ ನಾವು ಗುರುತಿಸಲಿಲ್ಲ! ಮುಂಜಾನೆಯಿಂದ ಮಧ್ಯಾಹ್ನದ ತನಕದ ಆ ವಿಡಿಯೊವನ್ನು ಜನ ಕಣ್ಣೀರಿಟ್ಟು ಪೂರ್ತಿ ಕೇಳಿದರು. ಸತ್ತವನು ಉತ್ತರ ಬರೆದದ್ದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ.

ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಂದರು. ನೋಡಿದರೆ ಫಕೀರಪ್ಪ ಕಟ್ಟೆಯ ಮೇಲೆ ರೊಟ್ಟಿ ತಿನ್ನುತ್ತಿದ್ದಾನೆ.

"ಅಯ್ಯ ಶಿವನ! ಹಂಗಲ್ಲಲೇ! ಸತ್ತೀಯೇನು ಅಂದ್ರ ಹೌದು ಅಂತಾರೇನಲೇ, ಮೂಳ? 'ಅವರೇನು ನೀವು' ಅಂತ ಯಾರರ ಕೇಳಿದ್ರ, 'ಅಲ್ರೀ, ಅದು ನಾನಲ್ಲ' ಅಂತ ಖಡಾಖಂಡಿತ ಹೇಳು!"

"ಹೂನವ್ವಾ, ಇನ್ನ ಮುಂದ ಹಂಗ ಮಾಡ್ತೀನಿ."

ಮಧ್ಯಾಹ್ನ ಫೋನು ಬಂತು. ಧಾರವಾಡದ ಸಭೆಯ ಕಾರ್ಯದರ್ಶಿ ಇನಾಮದಾರರು.

"ಆ ವಿಡಿಯೊ ಕೇಳಿ ಇಡೀ ಸಭಾ ದಂಗಾಗೇದ. ಅಷ್ಟು ಅದ್ಭುತ ನುಡಿಸಿದವರು... ಅವರೇನು ನೀವು? ಬದುಕೀರೇನು?"

ಸಂಕವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಅಲ್ರೀ," ಅಂದ ಫಕೀರಪ್ಪ ಖಡಾಖಂಡಿತ. "ಅದು ನಾನಲ್ಲ."

ಆ ಕಡೆ ಒಂದು ನಿಟ್ಟುಸಿರು. "ಹಂಗಾದ್ರ ಸುದ್ದಿ ಖರೇ ಆತು. ನೀವು ಅವರ ಮನಿಯವರೇನು? ನಿಮಗ ಸನಾದಿ ಬರತದೇನು?"

"ಬರತೈತ್ರಿ."

"ಅವರ ನೆನಪಿಗೆ ಒಂದು ಕಾರ್ಯಕ್ರಮ ಮಾಡೋರಿದ್ದೀವಿ. ನೀವೇ ಬಂದು ನುಡಿಸ್ರಿ."

ತಾಯಿ ಮಗ ಇಬ್ಬರೂ ಧಾರವಾಡಕ್ಕೆ ಹೋದರು. ವೇದಿಕೆಯ ಮೇಲೆ ಸನಾದಿಯ ಬಾಯಿಯ ದೊಡ್ಡ ಫೋಟೊ, ಅದಕ್ಕೊಂದು ಗಂಧದ ಹಾರ, ಮುಂದೆ ದೀಪ. ಫಕೀರಪ್ಪ ಅದಕ್ಕೆ ಭಕ್ತಿಯಿಂದ ಕೈಮುಗಿದು ಕೂತು ಊದಿದ. ಎರಡು ಗಂಟೆ ಊದಿದ. ನನ್ನ ಮಗ ಇವನೇ ರೀ, ಸತ್ತಿಲ್ಲ ರೀ ಅನ್ನುವ ಮಾತು ಸಂಕವ್ವನ ನಾಲಿಗೆಯ ತುದಿಗೆ ಬಂತು. ತಿರುಗಿ ನೋಡಿದಳು. ಇನ್ನೂರು ಜನ ಕೂತಿದ್ದರು. ಒಬ್ಬರೂ ಊಟಕ್ಕೆ ಎದ್ದಿರಲಿಲ್ಲ. ಮಾತು ನುಂಗಿಕೊಂಡಳು. ಅವಳು ಕಣ್ಣೊರೆಸಿಕೊಳ್ಳುವುದನ್ನು ಕಂಡು ಪಕ್ಕದವರು, "ಪಾಪ, ಹೆತ್ತಕರುಳು" ಅಂದರು.

ಮುಗಿದ ಮೇಲೆ ಇನಾಮದಾರರು ಶಾಲು ಹೊದಿಸಿ, ಬೆನ್ನು ತಟ್ಟಿ, "ಚಲೋ ನುಡಿಸಿದ್ರಿ. ಆದ್ರ ತೀರಿಕೊಂಡವರಷ್ಟು ಇಲ್ಲ" ಅಂದರು.

ಬಸ್ಸಿನಲ್ಲಿ ಫಕೀರಪ್ಪ ಕಿಟಕಿಗೆ ತಲೆ ಆನಿಸಿ ಯೋಚನೆ ಮಾಡಿದ. "ಖರೇ ಐತಿಬೇ ಯವ್ವಾ. ಅವರಷ್ಟು ನನಗ ಬರಂಗಿಲ್ಲ."

ಈಗಲೂ ಅಮೀನಗಡಕ್ಕೆ ಹೋದರೆ ನೋಡಬಹುದು. ಫಕೀರಪ್ಪ ದಿನಾ ಮುಂಜಾನೆ ಫೋನನ್ನು ತಂಬಿಗೆಗೆ ಒರಗಿಸಿ, ಆ ಪುಣ್ಯಾತ್ಮನ ವಿಡಿಯೊ ಹಚ್ಚಿಕೊಂಡು ಅವರ ಹಾಗೇ ಊದಲು ಕಲಿಯುತ್ತಾನೆ. ಮಧ್ಯಾಹ್ನ ರೊಟ್ಟಿ ಹಾಕುವಾಗ ಸಂಕವ್ವ ಕೇಳುತ್ತಾಳೆ:

"ಬಂತೇನಲೇ?"

"ಇನ್ನೂ ಒಂದೀಟು ಕಡಿಮಿ ಐತಬೇ."