ಸಿಂಗಾರ ಮುಗಿಯದ ಎಂಜಿನ್

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಗದಿಗೆಪ್ಪ ಎಂಬ ಮುದುಕನಿದ್ದ. ವಯಸ್ಸಿದ್ದಾಗ ರೈಲ್ವೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಹಿತ್ತಲಿನಲ್ಲಿ ಕಟ್ಟಿಗೆ ಇಡುವ ಕೋಣೆಯನ್ನು ಖಾಲಿ ಮಾಡಿ, ಒಂದು ಹಳೇ ಲೇತ್ ಮಷಿನ್ ತಂದಿಟ್ಟು, ಪುಟ್ಟದೊಂದು ಉಗಿ ಎಂಜಿನ್ ಕಟ್ಟತೊಡಗಿದ. ಅದು ಆಟಿಕೆಯಲ್ಲ. ತಾಮ್ರದ ಬಾಯ್ಲರ್, ಉಕ್ಕಿನ ಗಾಲಿ, ಒಲೆ, ಹೊಗೆ ಕೊಳವೆ, ಸೀಟಿ ಎಲ್ಲ ಇದ್ದ ಎಂಜಿನ್. ಇದ್ದಿಲು ಹಾಕಿ ನೀರು ಕಾಯಿಸಿದರೆ ಓಡಬೇಕಾದದ್ದು. ಗಾತ್ರದಲ್ಲಿ ಮಾತ್ರ ಒಂದು ಕುರಿಮರಿಯಷ್ಟು.

ಓಡಬೇಕಾದದ್ದು ಎಂದೆ. ಓಡಿತು ಎನ್ನಲಿಲ್ಲ. ಕಥೆ ಇರುವುದೇ ಅಲ್ಲಿ.

ಅದೇ ಓಣಿಯಲ್ಲಿ ಹಜರೇಸಾಬನ ಮನೆ. ಉಗಿ ಎಂಜಿನ್ ಓಡಿಸುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡ ಡ್ರೈವರ್ ಅವನು. ಗದಿಗೆಪ್ಪ ರಿಪೇರಿ ಮಾಡಿದ ಬಾಯ್ಲರುಗಳ ಹಿಂದೆ ನಿಂತು ಊರೂರು ತಿರುಗಿದವನು. ಇಬ್ಬರದೂ ಆ ಕಾಲದ ದೋಸ್ತಿ. ಉಗಿ ಎಂಜಿನ್‌ಗಳು ಗುಜರಿಗೆ ಹೋದ ಮೇಲೆ ಹಜರೇಸಾಬ ಡೀಸೆಲ್ ಎಂಜಿನ್ ಓಡಿಸಿದ, ಸಂಬಳ ತೆಗೆದುಕೊಂಡ, ಆದರೆ ಅದನ್ನು ಎಂಜಿನ್ ಎಂದು ಒಪ್ಪಲಿಲ್ಲ. ಸಾಯುವುದರೊಳಗೆ ಇನ್ನೊಮ್ಮೆ ಉಗಿಯ ರೆಗ್ಯುಲೇಟರ್ ಎಳೆಯಬೇಕೆಂಬುದೊಂದೇ ಅವನ ಆಸೆ. ಬಾಯ್ಲರಿನ ಉಗಿಯನ್ನು ಗಾಲಿಯ ಕಡೆ ಬಿಡುವ ಹಿಡಿಕೆ ಅದು. ಅದನ್ನು ಎಳೆದಾಗ ಎಂಜಿನ್ ಉಸಿರು ತೆಗೆದುಕೊಳ್ಳುವುದು ಮೊದಲು ಅಂಗೈಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ ಎನ್ನುತ್ತಿದ್ದ.

ಗದಿಗೆಪ್ಪ ಎಂಜಿನ್ ಕಟ್ಟಲು ಹೊರಟಿದ್ದೇ ಆ ಮಾತು ಕೇಳಿ. "ನಿನ್ನ ಕೈಲೇ ಓಡಿಸ್ತೀನಿ, ಸಾಹೇಬ" ಎಂದು ಮಾತು ಕೊಟ್ಟಿದ್ದ.

ದಿನಾ ಸಂಜೆ ಹಜರೇಸಾಬ ಬಂದು ಕೋಣೆಯಲ್ಲಿ ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂರುತ್ತಿದ್ದ. ಚಹಾ ಬರುತ್ತಿತ್ತು. ಕುಡಿದು ಕೇಳುತ್ತಿದ್ದ: "ಇವತ್ತರೆ ಬೆಂಕಿ ಹಾಕ್ತೀಯೇನಪಾ?"

"ಇನ್ನೊಂದು ಸ್ವಲ್ಪ ಉಳದೈತಿ."

ಹಾಗೆ ನೋಡಿದರೆ ಆ ಎಂಜಿನ್ ಒಮ್ಮೆ ಬೆಂಕಿ ಕಂಡಿತ್ತು. ಹಜರೇಸಾಬ ನೆಂಟರ ಮದುವೆಗೆ ಹೋಗಿದ್ದಾಗ ಗದಿಗೆಪ್ಪ ಅದನ್ನು ಮರದ ದಿಮ್ಮಿಯ ಮೇಲೇರಿಸಿ ಉಗಿ ಹಿಡಿಸಿ ನೋಡಿದ್ದ. ಗಾಲಿ ತಿರುಗಿತು. ಅವನಿಗೆ ಹಿಗ್ಗೋ ಹಿಗ್ಗು. ಆದರೆ ಬೆಂಕಿ ಆರಿಸಿ ದೂರ ನಿಂತು ನೋಡಿದಾಗ ಎಂಜಿನ್ ಬೋಳುಬೋಳಾಗಿ ಕಂಡಿತು. ಅಷ್ಟು ವರ್ಷ ದೊಡ್ಡ ಎಂಜಿನ್ ಓಡಿಸಿದ ಡ್ರೈವರನ ಕೈಗೆ ಇಂಥದ್ದನ್ನು ಕೊಡುವುದೇ ಎನಿಸಿತು. ಮೇಲೊಂದು ತಗಡು ಹೊದಿಸಿ, ಗುಂಡುತಲೆಯ ಮೊಳೆಯಂಥ ರಿವೆಟ್ ನಾಲ್ಕು ಸಾಲು ಹಾಕಿಬಿಡೋಣ ಎಂದು ಆಗಲೇ ಕೂತ. ಆ ಗಡಿಬಿಡಿಯಲ್ಲಿ ಸಿಲಿಂಡರಿನೊಳಗೆ ಉಳಿದ ನೀರು ಒರೆಸಿ ಎಣ್ಣೆ ಬಿಡುವುದನ್ನು ಮರೆತ. ಕಾರ್ಖಾನೆಯಲ್ಲಿ ಇದೇ ತಪ್ಪಿಗೆ ಎಷ್ಟು ಜನರನ್ನು ಬೈದಿದ್ದನೋ.

ನಾಲ್ಕು ಸಾಲು ರಿವೆಟ್ ಮುಗಿಯಿತು. ಸಾಸಿವೆ ಕಾಳಿನಷ್ಟು ರಿವೆಟ್‌ಗಳು. ಒಂದು ಪಕ್ಕ ಹಾಕಿದ ಮೇಲೆ ಇನ್ನೊಂದು ಪಕ್ಕ ಬಿಡಲಾಗುತ್ತದೆಯೇ? ಆಮೇಲೆ ಹತ್ತುವ ಏಣಿ. ಏಣಿ ಬಂದ ಮೇಲೆ ಹಿಡಿಕೆ ಕಂಬಿ. ಆಮೇಲೆ ಮುಂದಿನ ದೀಪ, ದೀಪಕ್ಕೊಂದು ಗಾಜು, ಬೆರಳುದ್ದದ ಸಲಿಕೆ. ಹೊಸ ಬಣ್ಣಕ್ಕೆ ಗೀರು ಬೀಳಬಾರದೆಂದು ಗಾಲಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ತಾನೂ ಮುಟ್ಟಲಿಲ್ಲ. ಎಂಜಿನ್ ಓಡಿಸಲೆಂದು ಹಿತ್ತಲಲ್ಲಿ ಹಾಕಿದ್ದ ತುಂಡು ಹಳಿಯ ಮೇಲೆ ಅವನ ಹೆಂಡತಿ ಕಲ್ಲವ್ವ ಹಪ್ಪಳ ಒಣಗಿಸತೊಡಗಿದಳು.

ನಿಜ ಹೇಳಬೇಕೆಂದರೆ ಗದಿಗೆಪ್ಪನಿಗೆ ಆ ಎಂಜಿನ್ ಸಾಕಾಗಿ ಹೋಗಿತ್ತು. ಬೆಳಗ್ಗೆ ಕೋಣೆಯ ಬಾಗಿಲು ತೆಗೆಯುವಾಗಲೇ ಸೊಂಟ ನೋಯುತ್ತಿತ್ತು. ಕಣ್ಣಲ್ಲಿ ನೀರು. ಅರ ಹಿಡಿದ ಬೆರಳು ಸಂಜೆಯ ಹೊತ್ತಿಗೆ ಮಡಚಲು ಬರುತ್ತಿರಲಿಲ್ಲ. ಆದರೂ ಮುಗಿಯಿತು ಎನ್ನುವ ಧೈರ್ಯ ಸಾಲಲಿಲ್ಲ. ಮುಗಿಯದ ಕೆಲಸದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಮುಗಿದದ್ದು ಓಡಬೇಕು, ಓಡುವುದು ನಡುವೆ ನಿಂತುಹೋಗಬಹುದು, ನಿಂತರೆ ನೋಡಿದವರು ನಾಲ್ಕು ಮಾತಾಡುತ್ತಾರೆ. ಅದಕ್ಕಿಂತ ಇನ್ನೊಂದು ಸಾಲು ರಿವೆಟ್ ವಾಸಿ ಎನಿಸುತ್ತಿತ್ತು.

ಒಂದು ಸಂಜೆ ಕಲ್ಲವ್ವ ಚಹಾ ತಂದಿಟ್ಟು ಎಂಜಿನ್ ನೋಡಿದಳು, ಡಬ್ಬಿಯ ಮೇಲೆ ಕೂತ ಹಜರೇಸಾಬನನ್ನೂ ನೋಡಿದಳು. "ಮದುವಿ ಹೆಣ್ಣಿಗೂ ಇಷ್ಟು ಸಿಂಗಾರ ಮಾಡಂಗಿಲ್ರಿ" ಎಂದಳು ಗಂಡನಿಗೆ. "ವರಾ ಮುದುಕಾದ. ನಿಮ್ದು ಇನ್ನಾ ಕಾಡಿಗಿ ಹಚ್ಚೂದು ಮುಗಿದಿಲ್ಲ."

ಹಜರೇಸಾಬ ನಕ್ಕ. "ಬಿಡ ತಂಗಿ, ಹುಚ್ಚ ಬಿಡೂತನಕ ಮದುವಿ ಆಗೂದಿಲ್ಲ, ಮದುವಿ ಆಗೂತನಕ ಹುಚ್ಚ ಬಿಡೂದಿಲ್ಲ." ನಗುವಾಗ ಅವನ ಕೈಯಲ್ಲಿದ್ದ ಕಪ್ಪು ಬಸಿ ಕಟಕಟ ಸದ್ದು ಮಾಡಿತು, ಚಹಾ ತುಳುಕಿ ಅಂಗಿಯ ಮೇಲೆ ಬಿತ್ತು. ಗದಿಗೆಪ್ಪ ಆ ನಡುಗುವ ಕೈಯನ್ನು ನೋಡಿದ. ನೋಡಿಯೂ ನೋಡದವನಂತೆ ಕುಂಚ ತೆಗೆದುಕೊಂಡು ಗಾಲಿಯ ಅಂಚಿಗೆ ಕೆಂಪು ಗೆರೆ ಎಳೆಯಲು ಕೂತ.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಹಜರೇಸಾಬ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತ.

"ಮಗಳು ಬೀಬಿಜಾನ ಕರಿಯಾಕತ್ತಾಳ. ನಾಳಿ ಮಧ್ಯಾಹ್ನದ ಗಾಡಿಗೆ ಕೊಪ್ಪಳಕ್ಕ ಹೊಂಟೇನಿ."

"ಮತ್ತ ಬರೂದು ಯಾವಾಗ?"

"ಬರೂದೇನ್ ಇಲ್ಲಪಾ. ಒಬ್ಬನ ಇರೂದು ಆಗವಲ್ದು." ಎಂಜಿನ್ ಕಡೆ ನೋಡಿ ಕೇಳಿದ, "ನಾಳಿ ಮುಂಜಾನೆ ಬೆಂಕಿ ಹಾಕ್ತೀಯೇನು?"

ಈ ಸಲ ಗದಿಗೆಪ್ಪ "ಹಾಕ್ತೀನಿ" ಎಂದ.

ಮರುದಿನ ಕಲ್ಲವ್ವ ಹಪ್ಪಳ ಎತ್ತಿದಳು. ಗಂಡ ಹೆಂಡತಿ ಇಬ್ಬರೂ ಸೇರಿ ಎಂಜಿನನ್ನು ಹೊತ್ತು ತಂದು ಹಳಿಯ ಮೇಲಿಟ್ಟರು. ಗಾಲಿ ಬಿಗಿಯಾಗಿತ್ತು. ಹೊಸ ಬಣ್ಣ ಹಿಡಿದಿರಬೇಕು ಎಂದುಕೊಂಡ ಗದಿಗೆಪ್ಪ. ಇದ್ದಿಲು ಕೆಂಪಾಯಿತು, ನೀರು ಕುದಿಯಿತು, ಸೀಟಿ ಓಣಿಗೆಲ್ಲ ಕೇಳಿಸಿತು. ಹಜರೇಸಾಬ ಊರಿಗೆ ಹೊರಟ ಬಟ್ಟೆಯಲ್ಲೇ ಎಂಜಿನ್ ಪಕ್ಕ ಮಣೆಯ ಮೇಲೆ ಕೂತ, ಟೋಪಿ ಸರಿಮಾಡಿಕೊಂಡ, ರೆಗ್ಯುಲೇಟರ್ ಹಿಡಿದು ಎಳೆದ.

ಎಂಜಿನ್ ನಡುಗಿತು. ಎಲ್ಲಿಂದಲೋ ಉಗಿ ಬುಸ್ಸೆಂದಿತು. ಗಾಲಿ ತಿರುಗಲಿಲ್ಲ.

ಮತ್ತೆ ಎಳೆದ. ಗದಿಗೆಪ್ಪ ಹಿಂದಿನಿಂದ ನೂಕಿದ. ಗಾಲಿಗಳು ಹಳಿಯ ಮೇಲೆ ಉಜ್ಜಿಕೊಂಡು ಜಾರಿದವೇ ಹೊರತು ಉರುಳಲಿಲ್ಲ. ಆಮೇಲೆ ಸಿಲಿಂಡರಿನ ಕೆಳಗಿನಿಂದ ಕೆಂಪು ನೀರು ಹನಿಯತೊಡಗಿತು. ಅದು ತುಕ್ಕಿನ ನೀರು. ಹೊರಗೆ ಸಾಸಿವೆಯಷ್ಟು ರಿವೆಟ್‌ಗೂ ಹೊಳಪು ಕೊಟ್ಟಿದ್ದ, ಒಳಗೆ ಗಾಲಿ ತಿರುಗಿಸುವ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗದಿಗೆಪ್ಪನಿಗೆ ಎಲ್ಲ ಅರ್ಥವಾಯಿತು. ಅಳು ಬರಲಿಲ್ಲ, ನಾಚಿಕೆಯಾಯಿತು. ಅಳುವುದಾದರೂ ಸುಲಭವಿತ್ತು.

ಬೆಂಕಿ ಆರಿ ತಣ್ಣಗಾಗುತ್ತ ಬಂದ ಬಾಯ್ಲರಿನ ಬೆನ್ನಿನ ಮೇಲೆ ಹಜರೇಸಾಬ ಅಂಗೈ ಇಟ್ಟ. "ಬೆಚ್ಚಗ ಐತಿ" ಎಂದ. ಆಮೇಲೆ ಎದ್ದು, "ಗಾಡಿ ಹೊತ್ತಾತು" ಎಂದು ಹೊರಟುಹೋದ.

ಪಿಸ್ಟನ್ ಬಿಡಿಸಬೇಕಾದರೆ ಏಣಿ, ಕಂಬಿ, ರಿವೆಟ್ ಹಾಕಿದ ತಗಡು ಎಲ್ಲ ಕೀಳಬೇಕಾಗಿತ್ತು. ಗದಿಗೆಪ್ಪ ಉಳಿ ಹಿಡಿದು ಕಿತ್ತ. ವರ್ಷಗಟ್ಟಲೆ ಹಚ್ಚಿದ್ದು ಕೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಿಲಿಂಡರಿಗೆ ಸೀಮೆಎಣ್ಣೆ ತುಂಬಿ ಬಿಟ್ಟ, ದಿನವೂ ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟಿದ. ದೀಪಾವಳಿಯ ಹೊತ್ತಿಗೆ ಪಿಸ್ಟನ್ ಸಡಿಲಾಯಿತು.

ಡಬ್ಬಿ ತುಂಬ ಬಿದ್ದಿದ್ದ ರಿವೆಟ್‌ಗಳನ್ನು ಕಲ್ಲವ್ವ ಎತ್ತಿ ತೋರಿಸಿದಳು. "ಇವನ್ನ ಮತ್ತ ಹಚ್ಚಂಗಿಲ್ಲೇನ್ರಿ?"

"ಓಡಾಕ ಇವು ಬೇಕಾಗಂಗಿಲ್ಲ" ಎಂದ.

ಅಷ್ಟರಲ್ಲಿ ಬೀಬಿಜಾನಳ ಫೋನ್ ಬಂತು. ಅಪ್ಪನಿಗೆ ಲಕ್ವಾ ಹೊಡೆದಿದೆ, ಬಲಗೈ ಬಿದ್ದಿದೆ ಎಂದಳು. ಗದಿಗೆಪ್ಪ ಎಂಜಿನನ್ನು ಗೋಣಿಚೀಲದಲ್ಲಿ ಸುತ್ತಿ, ಹಮಾಲನಿಂದ ಹೊರಿಸಿ ಪ್ಯಾಸೆಂಜರ್ ಗಾಡಿ ಹತ್ತಿದ. ಕರೆಂಟಿನ ಎಂಜಿನ್ ಎಳೆಯುವ ಗಾಡಿಯಲ್ಲಿ ಉಗಿ ಎಂಜಿನ್ ಸೀಟಿನ ಕೆಳಗೆ ಕೂತು ಕೊಪ್ಪಳಕ್ಕೆ ಹೋಯಿತು.

ಬೀಬಿಜಾನ ಅಂಗಳದಲ್ಲಿ ಇಟ್ಟಿಗೆ ಇಟ್ಟು ಕೊಟ್ಟಳು. ಗದಿಗೆಪ್ಪ ಗಾಲಿ ನೆಲಕ್ಕೆ ತಾಗದಂತೆ ಅದರ ಮೇಲೆ ಎಂಜಿನ್ ನಿಲ್ಲಿಸಿ ಬೆಂಕಿ ಹಾಕಿದ. ಬಣ್ಣ ಸುಲಿದ, ತಗಡು ಕಿತ್ತ, ಬೋಳು ಎಂಜಿನ್. ಹಜರೇಸಾಬನನ್ನು ಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದರು. ಬಲಗೈ ಬೇರೆ ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿತ್ತು. ಗದಿಗೆಪ್ಪ ಆ ಕೈಯನ್ನು ಎತ್ತಿ ರೆಗ್ಯುಲೇಟರಿನ ಮೇಲಿಟ್ಟ. ಮೇಲೆ ತನ್ನ ಕೈ ಇಟ್ಟು ಎಳೆದ.

ಎಂಜಿನ್ ಒಮ್ಮೆ ಉಸಿರೆಳೆದುಕೊಂಡಿತು. ಛುಕ್ ಎಂದಿತು, ಮತ್ತೆ ಛುಕ್ ಎಂದಿತು. ಗಾಲಿಗಳು ತಿರುಗಿದವು. ಅಂಗಳದ ತುಂಬ ಆ ಹಳೇ ಸದ್ದು ತುಂಬಿತು. ಹಜರೇಸಾಬನ ಅರ್ಧ ಮುಖ ನಕ್ಕಿತು.

"ಅಂಗೈಗೆ ಗೊತ್ತಾತೇನು, ಸಾಹೇಬ?" ಎಂದು ಕೇಳಿದ ಗದಿಗೆಪ್ಪ.

ಹಜರೇಸಾಬ ತನ್ನ ಕೈಯನ್ನು ನೋಡಿಕೊಂಡ. ತೊದಲುತ್ತ ನಿಧಾನವಾಗಿ ಹೇಳಿದ. ಮಾತಿನಲ್ಲಿ ಸಿಟ್ಟಿರಲಿಲ್ಲ. "ಅದಕ್ಕ ಈಗ ಏನೂ ಗೊತ್ತಾಗಂಗಿಲ್ಲಪಾ. ಹೋದ ವರ್ಷ ಆಗಿದ್ರ ಗೊತ್ತಾಗ್ತಿತ್ತು."

ಗದಿಗೆಪ್ಪ ತಲೆ ತಗ್ಗಿಸಿದ.

"ಕಿವಿಗೆ ಗೊತ್ತಾತು" ಎಂದ ಹಜರೇಸಾಬ. "ಇನ್ನೊಮ್ಮಿ ಎಳಿ."

ಗದಿಗೆಪ್ಪ ಎಳೆದ. ತಂದಿದ್ದ ಇದ್ದಿಲು ಮುಗಿಯುವ ತನಕ ಎಳೆಯುತ್ತಲೇ ಇದ್ದ. ಬೆಂಕಿ ಆರಿದ ಮೇಲೆ ಸಿಲಿಂಡರ್ ಒರೆಸಿ, ಎಣ್ಣೆ ಬಿಟ್ಟು, ಆಮೇಲೆ ಕೈ ತೊಳೆದುಕೊಂಡ.

ನೀತಿ: ಯಾರಿಗೆಂದು ಒಂದು ಕೆಲಸ ಹಿಡಿದಿರುತ್ತೇವೋ, ಅವರ ಕೈಯಲ್ಲಿ ಕಸುವು ಇರುವಾಗಲೇ ಅದನ್ನು ಅವರಿಗೆ ಒಪ್ಪಿಸಬೇಕು. ಚೆಂದ ಮಾಡುವುದು ಆಮೇಲೂ ಆಗುತ್ತದೆ. ಓಡಬೇಕಾದದ್ದನ್ನು ಸಿಂಗಾರದ ನೆಪದಲ್ಲಿ ನಿಲ್ಲಿಸಿಟ್ಟರೆ ತುಕ್ಕು ಕಾಯುವುದಿಲ್ಲ, ಮನುಷ್ಯನ ಆಯುಷ್ಯವೂ ಕಾಯುವುದಿಲ್ಲ.